ನೋವೇ ಆಗದ ಕಾಲು

ದುಬೈ ಕೆಲಸ ಬಿಟ್ಟು ಊರಲ್ಲೇ ನೆಲೆಸಿದ್ದ ಪ್ರೇಮಾನಂದ ಒಂದು ದಿನ ಹೆಮ್ಮಾಡಿಯಲ್ಲಿ ಬಸ್ಸಿಳಿದು ಮನೆ ತನಕ ಒಂದೇ ಚಪ್ಪಲಿಯಲ್ಲಿ ನಡೆದು ಬಂದ. ಇನ್ನೊಂದು ಎಲ್ಲಿ ಕಳಚಿತೋ ಅವನಿಗೆ ಗೊತ್ತೇ ಇರಲಿಲ್ಲ.

ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಡತಿ ಅಕ್ಕು ತಲೆ ಎತ್ತಿದಳು. "ಹ್ವಾಯ್, ಇನ್ನೊಂದ್ ಚಪ್ಪಲ್ ಎಲ್ಲಿತ್ತ್? ಕಾಲಂಗೆ ರಕ್ತ ಎಂತ?"

ಅಂಗಾಲಿಗೆ ಚಿಪ್ಪಿನ ಚೂರೊಂದು ಹೊಕ್ಕಿತ್ತು. ಪ್ರೇಮಾನಂದ ಅದನ್ನು ಕಿತ್ತೆಸೆದು ನಕ್ಕ. "ನಂಗೆ ನೋವೇ ಆಯ್ಲಾ ಕಾಣ್! ಹತ್ತೊಂಬತ್ತ್ ವರ್ಷ ದುಬೈ ಹೋಟ್ಲಂಗೆ ಚಾ ಮಾಡ್ತಾ ನಿಂತ ಕಾಲ್. ಕಬ್ಬಿಣ ಆಯ್ತ್."

ಮನೆಮನೆ ತಪಾಸಣೆಗೆ ಬಂದಿದ್ದ ಆರೋಗ್ಯ ಕಾರ್ಯಕರ್ತೆ ನವ್ಯಶ್ರೀಗೆ ಈ ಮಾತು ಕೇಳಿಸಿತು. ಗಾಯ ತೊಳೆದು ಪಟ್ಟಿ ಕಟ್ಟಿದಳು. ಹತ್ತಿಯ ಎಳೆ ತೆಗೆದು, "ಕಣ್ಣ್ ಮುಚ್ಚಿ. ಕಾಲ್ ಮುಟ್ಟಿದ್ ಕೂಡ್ಲೆ ಹೇಳಿ" ಅಂದಳು.

ಪ್ರೇಮಾನಂದನಿಗೆ ನೂರಕ್ಕೆ ನೂರು ತೆಗೆಯುವ ಹುರುಪು. "ಬಲಗಾಲ್ ಹೆಬ್ಬೆರಳ್! ಈಗ ಎಡಗಾಲ್!"

ಅಕ್ಕು ಕಿಸಕ್ಕನೆ ನಕ್ಕಳು. ಅವನು ಕಣ್ಣು ಬಿಟ್ಟರೆ ನವ್ಯಶ್ರೀ ಜಗಲಿಯಲ್ಲಿ ಕೂತು ನೀರು ಕುಡಿಯುತ್ತಿದ್ದಳು. "ನಾ ಇನ್ನೂ ಮುಟ್ಟಲೇ ಇಲ್ಲ!"

ನಾಚಿಕೊಂಡು ಮತ್ತೆ ಕಣ್ಣು ಮುಚ್ಚಿದ. ಈ ಸಲ ಬಾಯಿ ಬಿಡಲಿಲ್ಲ. ಕಾದು ಕಾದು ಬೇಸರ ಬಂದು, "ಸುರು ಮಾಡ್ ಮಾರಾಯ್ತಿ, ಎಷ್ಟೊತ್ತ್ ಕೂಕಂಬುದ್?" ಎಂದು ಕಣ್ಣು ಬಿಟ್ಟ. ಹತ್ತಿ ಅವನ ಕಾಲ್ಬೆರಳುಗಳ ಮೇಲೇ ಓಡಾಡುತ್ತಿತ್ತು. ಅಕ್ಕುವಿನ ನಗು ನಿಂತುಹೋಯಿತು.

ಕೈಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರೆ ಮುನ್ನೂರ ಹನ್ನೆರಡು.

"ನಿನ್ನ್ ಮಷಿನ್ ಸಮ ಇಲ್ಲ" ಅಂದ ಪ್ರೇಮಾನಂದ. "ಸಕ್ರಿ ಕಾಯ್ಲಿ ಬಪ್ಪುದ್ ಹೊಟ್ಟಿ ಇದ್ದರಿಗೆ. ನಾ ಬೀಡಿ ಕಡ್ಡಿ ಹಾಂಗೆ ಇದ್ದೆ."

ಅಕ್ಕು ತನ್ನ ಬೆರಳು ಚಾಚಿದಳು. ನೂರ ಎಂಟು. "ನಂಗೆ ಸಮ ತೋರ್ಸ್ತಲೆ?"

"ಸಪೂರ ಇದ್ದರಿಗೂ ಬತ್ತ್" ಅಂದಳು ನವ್ಯಶ್ರೀ. "ಊರ್ ಬಿಟ್ಟ್ ದುಡಿಯುಕೆ ಹೋದರಿಗೆ ಅಪಾಯ ಜಾಸ್ತಿ. ಹೊತ್ತಲ್ಲದ ಹೊತ್ತಿಗೆ ಊಟ, ನಿದ್ರಿ ಇಲ್ಲ, ಲೆಕ್ಕ ಇಲ್ಲದಷ್ಟ್ ಚಾ. ಅಲ್ಲಿ ಒಂದ್ಸಲವೂ ಪರೀಕ್ಷೆ ಮಾಡ್ಸಲಿಲ್ಯಾ?"

ಪ್ರೇಮಾನಂದ ನೆಲ ನೋಡಿದ. "ನಾಲ್ಕ್ ವರ್ಷದ ಹಿಂದೆ ಮಾಡ್ಸಿದ್ರ್. ಶುಗರ್ ಇತ್ತ್ ಅಂದ್ರ್. ಕೆಲ್ಸ ಹೋತ್ತ್ ಅಂದೇಳಿ ಹೆದ್ರಿ ಚೀಟಿ ಹರ್ದ್ ಹಾಕ್ದೆ."

"ನಂಗಾರೂ ಹೇಳ್ಲಕ್ಕಿತ್ತಲೆ!" ಅಕ್ಕು ಸಿಡುಕಿದಳು.

"ಹೇಳಿದ್ರೆ ನೀ ಚಾಕ್ಕೆ ಸಕ್ರಿ ಹಾಕ್ತಿದ್ಯಾ?"

ಸಿಟ್ಟಿನಲ್ಲೂ ಅಕ್ಕುವಿಗೆ ನಗು ಬಂತು. ನವ್ಯಶ್ರೀ ಮಾತ್ರ ನಗಲಿಲ್ಲ. "ಗೊತ್ತಾಗದ ಗಾಯ ಕೊಳ್ತ್ ಕಾಲೇ ತೆಗುಕೆ ಬಪ್ಪುದಿತ್ತ್. ಕಣ್ಣ್, ಕಿಡ್ನಿ ಸಹ ಹೋತ್ತ್. ಇವತ್ತೇ ಡಾಕ್ಟ್ರ ಹತ್ರ ಹೋಯ್ನಿ."

ಅಂದೇ ಹೋದರು. ಮಾತ್ರೆ ಸುರುವಾಯಿತು. ಅಕ್ಕು ಅನ್ನ ಅರ್ಧ ಮಾಡಿ ತೊಂಡೆಕಾಯಿ, ಬಸಳೆ ಹೆಚ್ಚು ಬಡಿಸಿದಳು. ಸಕ್ಕರೆಯಿಲ್ಲದ ಚಾ ಕುಡಿದ ಪ್ರೇಮಾನಂದ ಮೊದಲ ವಾರ ಗುಟುಕಿಗೊಮ್ಮೆ ಮುಖ ಸಿಂಡರಿಸಿದ. ಎರಡನೇ ವಾರ ಬೆಳಗಿನ ನಡಿಗೆಗೆ ಅಕ್ಕುವನ್ನೂ ಎಬ್ಬಿಸಿಕೊಂಡು ಹೋದ. ಮೂರು ತಿಂಗಳಲ್ಲಿ ಗಾಯ ಮಾಯಿತು, ಸಕ್ಕರೆ ಹತೋಟಿಗೆ ಬಂತು. ಕಾಲಿನ ಜೋಮು ಪೂರ್ತಿ ಹೋಗಲಿಲ್ಲ. ಅದಕ್ಕೇ ದಿನಾ ಕಾಲು ತೊಳೆದು, ಬೆರಳ ಸಂದಿಯನ್ನೂ ಬಿಡದೆ ನೋಡಿಕೊಳ್ಳುತ್ತಾನೆ.

ಒಂದು ದಿನ ಅವನು ದುಬೈಯಲ್ಲಿ ತನ್ನ ಜೊತೆ ಒಂದೇ ರೂಮಿನಲ್ಲಿದ್ದ, ಈಗಲೂ ಅಲ್ಲೇ ಇರುವ ರತೀಶನಿಗೆ ಫೋನು ಮಾಡಿದ. "ನಾಳಿಯೇ ರಕ್ತ ಪರೀಕ್ಷೆ ಮಾಡ್ಸ್."

"ಎಂತಕ್ಕೆ? ಯಾರಿಗಾರೂ ಎಂತಾರೂ ಆಯ್ತಾ?" ರತೀಶ ಗಾಬರಿಯಾದ.

"ಆಪುಕ್ ಮುಂಚೆಯೇ ಹೇಳ್ತಿದ್ದೆ ಮಾರಾಯ. ರೂಮಲ್ಲಿ ಇದ್ದರನ್ನೆಲ್ಲ ಕರ್ಕಂಡ್ ಹೋಗ್."

ಬಂಧುಗಳೇ, ನಿಮ್ಮ ಮನೆಯಲ್ಲಿ ಮುಂಬಯಿಯಲ್ಲೋ ಗಲ್ಫಿನಲ್ಲೋ ದುಡಿದು ಬಂದವರು ಇದ್ದಾರೆಯೇ? ದೂರದೂರಿಂದ ಬಂದು ನಿಮ್ಮ ದೋಣಿಯಲ್ಲಿ, ಹೋಟೆಲಿನಲ್ಲಿ ದುಡಿಯುವವರಿದ್ದಾರೆಯೇ? ಮೂವತ್ತು ದಾಟಿದ್ದರೆ ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಈ ವಾರವೇ ಅವರ ಕೈ ಹಿಡಿದು ಕರೆದುಕೊಂಡು ಹೋಗಿ. "ನಂಗೆಂತ ಕಾಯ್ಲಿ?" ಎಂದರೂ ಬಿಡಬೇಡಿ.