ನಲವತ್ತೊಂದನೆಯ ಗಿಣಿ

ತಿರುಮಲಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಬದುಕಿನಲ್ಲಿ ದೊಡ್ಡದಾಗಿ ಹೇಳಿದ್ದು ಒಂದೇ ಸುಳ್ಳು, ಅದನ್ನೂ ನೆಟ್ಟಗೆ ದಡ ಮುಟ್ಟಿಸಲು ಬರಲಿಲ್ಲ ಪುಣ್ಯಾತ್ಗಿತ್ತಿಗೆ.

ಮೂವತ್ತೊಂಬತ್ತನೇ ಇಸವಿ. ಮಗಳು ಆದಿಲಕ್ಷ್ಮಿಗೆ ಶ್ರೀನಿವಾಸಪುರದ ಸಂಬಂಧ ಕೂಡಿಬಂದಿತ್ತು. ನಿಶ್ಚಿತಾರ್ಥಕ್ಕೆಂದು ಹಸಿರು ರೇಷ್ಮೆ ಲಂಗ, ಅದರ ಅಂಚಿನ ಸುತ್ತ ಜರಿ ಎಳೆಯಲ್ಲಿ ಹೊಲಿದ ನಲವತ್ತೊಂದು ಗಿಣಿ. ಅಂಥ ಕಸೂತಿಯನ್ನು ಮುಳಬಾಗಿಲಿನಲ್ಲಿ ಯಾರೂ ಕಂಡಿರಲಿಲ್ಲ. ಎಂಟು ತಿಂಗಳು ಕೂತು ಹೊಲಿದವಳು ತಿರುಮಲಮ್ಮನ ನಾದಿನಿ ಅಂಬಾಬಾಯಿ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಸುತ್ತಿಕೊಂಡು ಅಣ್ಣನ ಮನೆಯ ಅಡುಗೆಮನೆ ಸೇರಿದವಳು.

ವಿಧವೆಯ ಕೈಯ ಬಟ್ಟೆ ಎಂದು ಗೊತ್ತಾದರೆ ಸಂಬಂಧವೇ ಮುರಿದುಹೋದೀತೆಂದು ಹೆದರಿ, ತಿರುಮಲಮ್ಮ ಬೀಗರಿಗೆ "ನಾನೇ ಹೊಲಿದದ್ದು" ಎಂದುಬಿಟ್ಟಳು.

ಅಲ್ಲಿಂದ ಕಾಗದ ಬಂತು. ಕಸೂತಿ ಬಟ್ಟೆಯಲ್ಲಿ ಒಂದು ಗಿಣಿಗೆ ಕಣ್ಣು ಹೊಲಿಯದೆ ಬಿಟ್ಟಿರಬೇಕು. ಹುಡುಗಿ ಉಟ್ಟ ಮೇಲೆ ಹೊಲಿದವರೇ ಎಲ್ಲರೆದುರು ಆ ಕಣ್ಣು ಇಡಬೇಕು. ಅದು ತಮ್ಮ ಮನೆಯ ಪದ್ಧತಿ ಎಂದು.

ತಿರುಮಲಮ್ಮ ಕಾಗದ ಹಿಡಿದುಕೊಂಡು ಸೀದಾ ಅಡುಗೆಮನೆಗೆ ಹೋದಳು. ಅವಳಿಗೆ ಹರಿದ ದಿಂಬಿಗೆ ಹೊಲಿಗೆ ಹಾಕಲೂ ಬಾರದು.

"ಒಂದು ಗಂಟು ತಾನೆ ಅತ್ತಿಗೆ, ಹೇಳ್ಕೊಡ್ತೀನಿ ಬನ್ನಿ," ಎಂದಳು ಅಂಬಾಬಾಯಿ. ಅವಳದು ಎಡಗೈ. ನಲವತ್ತೊಂದನೆಯ ಗಿಣಿಯ ಕಣ್ಣು ಬಿಚ್ಚಿಟ್ಟು, ಹಳೇ ಪಂಚೆಯ ಚೂರಿನ ಮೇಲೆ ಹದಿನೈದು ದಿನ ಕಲಿಸಿದಳು. ತಿರುಮಲಮ್ಮ ಗಿಣಿಯ ಕಣ್ಣೊಂದನ್ನು ಮಾತ್ರ ಕಲಿತಳು.

ನಿಶ್ಚಿತಾರ್ಥದ ದಿನ ಅಂಬಾಬಾಯಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರು. ನಡುಮನೆಯಲ್ಲಿ ಲಂಗ ಉಟ್ಟು ನಿಂತ ಮಗಳ ಕಾಲ ಬಳಿ ತಿರುಮಲಮ್ಮ ಸೂಜಿ ಹಿಡಿದು ಕೂತಳು. ಗಂಟು ಬಿತ್ತು. ಅಬ್ಬಾ, ಗೆದ್ದೆ ಎಂದುಕೊಂಡಳು ಪಾಪ.

ಹುಡುಗನ ತಾಯಿ ಬಗ್ಗಿ ನೋಡಿದರು. ಅವರೂ ಸೂಜಿ ಹಿಡಿದವರೇ.

"ಬೇರೆಲ್ಲಾ ಕಣ್ಣು ಎಡಕ್ಕೆ ಸುತ್ತಿದೆ, ಇದೊಂದು ಬಲಕ್ಕೆ ಸುತ್ತಿದೆ. ಅವನ್ನ ಹೊಲಿದ ಕೈ ಇದಲ್ಲ, ಅಲ್ವೇ?"

ತಿರುಮಲಮ್ಮ ತಲೆ ತಗ್ಗಿಸಿದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಡುಗೆಮನೆಯಿಂದ ಬಳೆಯಿಲ್ಲದ ಕೈ ಪಾತ್ರೆ ಸರಿಸಿದ ಸದ್ದು ಕೇಳಿಸಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನನ್ನ ನಾದಿನಿ ಹೊಲಿದದ್ದು. ಗಂಡ ಇಲ್ಲದೋಳು. ನೀವು ಬೇಡ ಅಂತೀರೇನೋ ಅಂತ ಒಳಗೆ ಬಚ್ಚಿಟ್ಟಿದೀನಿ. ತಪ್ಪು ನಂದು, ಅವಳದ್ದಲ್ಲ."

ಬೀಗಿತ್ತಿ ಗಿಣಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

"ನಮ್ಮತ್ತೆ ಹೇಳಿದ್ದು ಹೊಲಿದವರು ಇಡಬೇಕು ಅಂತ. ಮುತ್ತೈದೇನೇ ಇಡಬೇಕು ಅಂತ ಅವರು ಹೇಳಿದ್ದು ನನಗೆ ನೆನಪಿಲ್ಲ. ಕರೀರಿ."

ತಿರುಮಲಮ್ಮ ಒಳಗೆ ಓಡಿದಳು. ಅಂಬಾಬಾಯಿ ಗೋಡೆಗೆ ಅಂಟಿಕೊಂಡಳು.

"ಬೇಡ ಅತ್ತಿಗೆ. ಮಗು ಶುಭಕಾರ್ಯ. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೇ ಬರತ್ತೆ."

"ಬಂದ್ರೆ ನನ್ನ ತಲೆಗೂ ಬರಲಿ. ಏಳು."

ಕೈ ಹಿಡಿದು ಎಳೆದುಕೊಂಡೇ ಬಂದಳು. ಅಂಬಾಬಾಯಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಕೂತು, ಅತ್ತಿಗೆಯ ಗಂಟು ಬಿಚ್ಚಿದಳು. ಎಡಗೈಗೆ ಸೂಜಿ ತೆಗೆದುಕೊಂಡಳು. ನಾಲ್ಕು ಸುತ್ತು, ಒಂದು ಎಳೆತ. ಗಿಣಿಗೆ ಕಣ್ಣು ಬಂತು.

ಅಭ್ಯಾಸಬಲದಿಂದ ದಾರ ಕಚ್ಚಲು ಬಗ್ಗಿದವಳು ಥಟ್ಟನೆ ತಡೆದುಕೊಂಡಳು. ಮದುವಣಗಿತ್ತಿಯ ಬಟ್ಟೆಗೆ ತನ್ನ ಬಾಯಿ. ಕತ್ತರಿಗಾಗಿ ಅತ್ತಿತ್ತ ನೋಡಿದಳು.

ತಿರುಮಲಮ್ಮ ಅವಳ ಪಕ್ಕದಲ್ಲೇ ಕೂತು ಲಂಗದ ಅಂಚನ್ನು ಎತ್ತಿ ಹಿಡಿದಳು.

"ಕಚ್ಚು ಅಂಬಾ. ಮಿಕ್ಕ ನಲವತ್ತಕ್ಕೂ ಕಚ್ಚಿಲ್ವೇನೇ?"

ಅಂಬಾಬಾಯಿ ಕಣ್ಣೊರೆಸಿಕೊಂಡು ದಾರ ಕಚ್ಚಿ ಕಡಿದಳು.