ಬಚ್ಚಲ ನೀರಿನ ಬೇವು

ಗುಂಡಿ ಮೊಣಕಾಲುದ್ದ ಇಳಿದಿತ್ತು. ದಣಿವಾರಿಸಿಕೊಳ್ಳಲು ನಿಂತ ತಿರುಮಲೇಶ ಹಾರೆಯನ್ನು ಗೋಡೆಗೆ ಒರಗಿಸಲು ಹೋದಾಗ ಎಂಜಿನಿಯರ್ ದಯಾನಂದ್, "ಬೇಡಪ್ಪ, ಆ ಗೋಡೆಗೆ ಏನೂ ಒರಗಿಸಬೇಡ" ಅಂದರು. ಮೆಲ್ಲಗೇ ಅಂದಿದ್ದರು. ಆದರೂ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಗೌರಕ್ಕನಿಗೆ ಕೇಳಿಸಿತು. ಗೋಡೆಯ ಆಚೆ ಬದಿಗೆ ಅವಳ ಗಂಡ ಬೋರಪ್ಪನ ಮಂಚವಿತ್ತು.

ಹಿಂದೂಪುರದಿಂದ ಈ ಎಂಜಿನಿಯರನ್ನು ಕರೆಸಿದವನು ತಿರುಮಲೇಶನೇ. ಕಲ್ಯಾಣದುರ್ಗದಿಂದ ಕಂಬದೂರಿಗೆ ಆಟೋ ಓಡಿಸುವ ಅವನು ಬೋರಪ್ಪನ ತಮ್ಮ, ಪಕ್ಕದ ಮನೆಯಲ್ಲೇ ಇದ್ದ. ಆ ಗೋಡೆಯಲ್ಲಿ ಬಿರುಕು ಮೊದಲು ಕಿಟಕಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಕಂಡಿತ್ತು. ಗೌರಕ್ಕ ಸಿಮೆಂಟು ಕಲಸಿ ಮೆತ್ತಿದಳು. ಸಿಮೆಂಟೂ ಬಿರಿಯಿತು. ಹೋದ ಸಲ ಬಂದಾಗ ದಯಾನಂದ್ ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿಯೊಂದನ್ನು ಅಂಟಿಸಿ, "ಗೋಡೆ ಇನ್ನೂ ಸರೀತಿದ್ರೆ ಇದು ಒಡೆಯುತ್ತೆ, ನೋಡ್ತಿರಿ" ಅಂದು ಹೋಗಿದ್ದರು. ಆಮೇಲೆ ದಿನಾ ಬೆಳಗ್ಗೆ ಅವಳು ದೇವರ ಪಟಕ್ಕಿಂತ ಮೊದಲು ಆ ಗಾಜನ್ನೇ ನೋಡುತ್ತಿದ್ದಳು. ಮೊನ್ನೆ ಅದು ನಟ್ಟನಡುವೆ ಸೀಳಿತ್ತು. ಚಾವಣಿ ಕಲ್ಲುಚಪ್ಪಡಿಯದು. ಗೋಡೆ ಬಾಗಿದರೆ ಚಪ್ಪಡಿ ಬೀಳುವುದು ನೇರ ಮಂಚದ ಮೇಲೆ.

ಗೋಡೆಗೆ ಸ್ವಲ್ಪವೇ ದೂರದಲ್ಲಿ ಬೇವಿನ ಮರ. ಬೋರಪ್ಪನೇ ನೆಟ್ಟದ್ದು. ಲಕ್ವ ಹೊಡೆದು ಬಲಗಡೆಯ ಮೈ, ಬಾಯಿಯ ಮಾತು ಎರಡೂ ಹೋದಮೇಲೆ ಅವನಿಗೆ ಉಳಿದಿದ್ದು ಒಂದು ಕಿಟಕಿ, ಕಿಟಕಿಯ ತುಂಬ ಆ ಬೇವು. ಅಳಿಲು ಬಂದರೆ ಎಡಗೈ ಎತ್ತಿ ಹೆಂಡತಿಗೆ ತೋರಿಸುತ್ತಿದ್ದ. ಅಷ್ಟಾದರೂ ಇದೆಯಲ್ಲ ಎಂದು ಗೌರಕ್ಕ ಸಮಾಧಾನ ಮಾಡಿಕೊಂಡಿದ್ದಳು. ಮರದ ಮೇಲೆ ಅನುಮಾನ ಹುಟ್ಟಿದಾಗಿನಿಂದ ಆ ಸಮಾಧಾನಕ್ಕೂ ಸಂಚಕಾರ ಬಂದಿತ್ತು.

ದಯಾನಂದ್ ಗುಂಡಿಗಿಳಿದು ಪಾಯದ ಕಲ್ಲಿನ ಕೆಳಗೆ ಕೈ ಹಾಕಿದರು. ಎರೆಮಣ್ಣು ಒಣಗಿ ಬೆರಳು ತೂರುವಷ್ಟು ಬಿರಿದಿತ್ತು. ಸಂದಿನ ತುಂಬ ಸಿಕ್ಕುಗಟ್ಟಿದ ಸಣ್ಣ ಬೇರುಗಳು. ಒಂದನ್ನು ಮುರಿದು ನಾಲಗೆಗೆ ತಾಗಿಸಿ ಮುಖ ಕಿವುಚಿದರು. "ಬೇವೇ."

"ಹಂಗಾದ್ರೆ ಬೇರು ಗೋಡೇನ ಎತ್ಬುಟ್ಟೈತಾ ಸಾರ್?" ತಿರುಮಲೇಶ ಕೇಳಿದ.

"ಎತ್ತಿಲ್ಲಪ್ಪ, ಇಳಿಸಿದೆ. ಇದು ಎರೆ ನೆಲ. ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ. ಪಾಯದಡಿ ಇದ್ದ ತೇವನೆಲ್ಲ ಮರ ಹೀರಿಬಿಟ್ಟಿದೆ. ಆಚೆ ಮೂಲೆ ಹಂಗೇ ಇದೆ, ಈಚೆ ಮೂಲೆ ಕೂತಿದೆ." ಅವರು ಮರದ ಕಡೆ ತಿರುಗಿದರು. "ಒಂದೇ ಅರ್ಥ ಆಗ್ತಿಲ್ಲ. ಮರ ಹಳೇದು, ಬಿರುಕು ಹೊಸದು. ಇಷ್ಟು ವರ್ಷ ಅದರ ಪಾಡಿಗೆ ಇದ್ದದ್ದು ಈಗ್ಯಾಕೆ ಮನೆ ಕೆಳಗೆ ಬಂತು? ಅಮ್ಮಾ, ಮುಂಚೆ ಇದಕ್ಕೆ ನೀರು ಎಲ್ಲಿಂದ ಸಿಗ್ತಿತ್ತು?"

ಗೌರಕ್ಕನ ಕಣ್ಣು ಹಿತ್ತಲ ಮೂಲೆಯ ಮಣ್ಣುಗುಡ್ಡೆಯ ಮೇಲಿತ್ತು.

ಅದರಡಿ ಹಳೆಯ ಬಯಲು ಬಚ್ಚಲಿನ ಕಲ್ಲಿತ್ತು. ಬೋರಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿಯಾಗಿದ್ದ. ಕಡಲೆಕಾಯಿ ಮೂಟೆ ಹೊತ್ತು ಮೈಯೆಲ್ಲ ಧೂಳಾಗಿ ಬರುವವನಿಗೆ ಒಂದು ಹಂಡೆ ನೀರು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ನೀರು ಸಣ್ಣ ಕಾಲುವೆಯಲ್ಲಿ ಹರಿದು ಬೇವಿನ ಬುಡ ಸೇರುತ್ತಿತ್ತು. ಎಲೆ ಅಡ್ಡ ಬಂದರೆ ಕೂತಲ್ಲಿಂದಲೇ ಕಾಲಿನ ಹೆಬ್ಬೆರಳಲ್ಲಿ ಸರಿಸುತ್ತಿದ್ದ. "ನಿಂಗೆ ಸ್ನಾನನೋ, ಮರಕ್ಕೆ ಸ್ನಾನನೋ?" ಎಂದು ಅವಳು ಒಳಗಿನಿಂದ ರೇಗಿಸುತ್ತಿದ್ದಳು. ಒಂದು ಸಂಜೆ ಅದೇ ಕಲ್ಲಿನ ಮೇಲೆ ಅವನು ವಾಲಿಕೊಂಡ. ಆಸ್ಪತ್ರೆಯಿಂದ ಬಂದವಳೇ ಗೌರಕ್ಕ, "ನನ್ನ ಗಂಡನ್ನ ತಿಂದ ಜಾಗ" ಎಂದು ಶಪಿಸಿ, ಎದುರು ನಿಂತು ಬಚ್ಚಲಿಗೆ ಮಣ್ಣು ಸುರಿಸಿದ್ದಳು. ಹೊಸ ಸ್ನಾನದ ಮನೆ ಮುಂದುಗಡೆ ಆಯಿತು. ನೀರು ಪೈಪಿನಲ್ಲಿ ಬೀದಿ ಚರಂಡಿಗೆ. ಬೋರಪ್ಪನಿಗಂತೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದೇ ಸ್ನಾನ.

"ಬಚ್ಚಲ ನೀರು ಸಾರ್," ಅಂದಳು ಕೊನೆಗೆ. "ನಾನೇ ಮುಚ್ಚಿಸ್ಬುಟ್ಟೆ."

"ಅದೇ ಮತ್ತೆ. ಬೇರು ನೀರು ಹುಡುಕ್ಕೊಂಡು ಬಂದಿದೆ."

"ತಿರ್ಗಾ ಬಿಡ್ತೀನಿ ಸಾರ್. ದಿನಾ ಹಂಡೆಗಟ್ಲೆ ಉಯ್ತೀನಿ. ಹಿಂದಕ್ಕೋಯ್ತದಾ?"

ದಯಾನಂದ್ ಕೈಯ ಮಣ್ಣು ಕೊಡವಿದರು. "ಬೇರು ಹಿಂದಕ್ಕೆ ಹೋಗಲ್ಲಮ್ಮಾ. ಈಗ ನೀರು ಬಿಟ್ರೆ ಗೋಡೆ ಇನ್ನೂ ಎರ್ರಾಬಿರ್ರಿ ಆಗುತ್ತೆ. ಒಂದು ಮಳೆಗಾಲ ಕಳೆದು ಮಣ್ಣು ತಹಬಂದಿಗೆ ಬರ್ಲಿ, ಗೋಡೆ ಬಿಚ್ಚಿ ಕಟ್ಟೋಣ. ಆದ್ರೆ ಅದಕ್ಕೆ ಮುಂಚೆ... ಚೆಟ್ಟು ತೀಸೆಯ್ಯಾಲಮ್ಮಾ." ಮರ ತೆಗೆಯಬೇಕೆಂಬ ಆ ಒಂದು ಮಾತನ್ನು ಮಾತ್ರ ಅವರು ತೆಲುಗಿನಲ್ಲಿ ಹೇಳಿದರು, ಪಾಪ, ಮೆತ್ತಗೆ ಕೇಳಿಸಲಿ ಎಂದೋ ಏನೋ. ಕೆಟ್ಟ ಸುದ್ದಿ ಯಾವ ಭಾಷೆಯಲ್ಲಿದ್ದರೂ ಅವಳಿಗೆ ತಿಳಿಯುತ್ತಿತ್ತು.

ಮಧ್ಯಾಹ್ನವೇ ಬೋರಪ್ಪನ ಮಂಚವನ್ನು ಅಡುಗೆಮನೆಗೆ ಸಾಗಿಸಿದರು. ಅಲ್ಲಿ ಕಿಟಕಿಯಿಲ್ಲ. ಅವನು ಮತ್ತೆ ಮತ್ತೆ ಎಡಕ್ಕೆ ಹೊರಳಿ ಗೋಡೆ ನೋಡಿದ. ಬಿಸಿಲು ಇಳಿದಮೇಲೆ ಮರ ಕಡಿಯುವ ಪೆದ್ದಣ್ಣ ಬಂದು, ಮರ ಮನೆಯ ಕಡೆ ಬೀಳದಿರಲೆಂದು ಎತ್ತರದ ಕೊಂಬೆಗೆ ಹಗ್ಗ ಬಿಗಿದು, ನಾಳೆ ಬೆಳಗ್ಗೆ ಬರುವುದಾಗಿ ಹೇಳಿ ಹೋದ.

"ಅಣ್ಣಂಗೆ ಹೇಳ್ಬುಡು ಅತ್ಗೆ," ಅಂದ ತಿರುಮಲೇಶ.

"ಏನಂತ ಹೇಳ್ಲಪ್ಪ? ನಿನ್ ಮರದ ಬಾಯಿಂದ ನೀರು ಕಿತ್ಕಂಡೋಳು ನಾನೇ ಅಂತ್ಲಾ?" ಗೌರಕ್ಕನಿಗೆ ಅಳು ನುಗ್ಗಿ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆ ಬಚ್ಚಲ ಮಣ್ಣು ತೆಗಿ. ಇವತ್ತೊಂದಿನ ನಿಮ್ಮಣ್ಣನ ಮೈಗೆ ನೀರುಯ್ತೀನಿ" ಅಂದಳು.

"ಎಂಜಿನಿಯರು ನೀರು ಬಿಡ್ಬ್ಯಾಡ ಅಂದವ್ರೆ ಕಣಮ್ಮ."

"ಒಂದು ಹಂಡೆ ಕಣಪ್ಪ. ಒಂದೇ ಹಂಡೆ."

ತಿರುಮಲೇಶ ಮಣ್ಣು ಸರಿಸಿ ಕಲ್ಲು ತೊಳೆದ, ಕಾಲುವೆ ಕೆರೆದ. ಅಣ್ಣನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿ ತಂದು ಕಲ್ಲಿನ ಮೇಲಿಟ್ಟ.

ಮೊದಲ ಚೊಂಬು ತಲೆಯ ಮೇಲೆ ಬಿದ್ದಾಗ ಬೋರಪ್ಪ ಕಣ್ಣು ಮುಚ್ಚಿದ. ಗಂಟಲಿನಿಂದ ಹಳೆಯ "ಹಾ" ಒಂದು ಹೊರಟಿತು. ಅದನ್ನು ಮತ್ತೆ ಕೇಳುತ್ತೇನೆಂದು ಗೌರಕ್ಕ ಅಂದುಕೊಂಡಿರಲಿಲ್ಲ. ಬೆನ್ನು ಉಜ್ಜಿದಳು, ಕಂಕುಳು ಉಜ್ಜಿದಳು. ಅವನು ಮುಖದ ನೀರು ಒರೆಸಿಕೊಂಡು ಅಭ್ಯಾಸಬಲದಿಂದ ಮೇಲೆ ನೋಡಿದ. ಹಗ್ಗ ಕಂಡಿತು.

ಅವಳ ಕೈಯ ಚೊಂಬು ಹಾಗೇ ನಿಂತಿತು. ಅವನು ಹಗ್ಗವನ್ನು ನೋಡಿದ, ಗೋಡೆಯ ಬಿರುಕನ್ನು ನೋಡಿದ, ಅವಳನ್ನು ನೋಡಿದ. ಬೈಯುವ ಬಾಯಿಯಾದರೂ ಇದ್ದಿದ್ದರೆ ಎಂದು ಅವಳಿಗೆ ಅನ್ನಿಸಿತು. "ನಂದೇ ತಪ್ಪು," ಅಂದಳು. ಅವನ ಮುಖದ ಒಂದು ಪಕ್ಕ ಅದುರಿತು, ಇನ್ನೊಂದು ಪಕ್ಕ ಸುಮ್ಮನಿತ್ತು.

ಪೆದ್ದಣ್ಣ ಹತ್ತಿಳಿದಾಗ ಉದುರಿದ ಎಲೆಗಳು ಕಾಲುವೆಯ ಬಾಯಿಗೆ ಕಟ್ಟಿಕೊಂಡು ನೀರು ಅಲ್ಲೇ ನಿಂತಿತ್ತು. ಬೋರಪ್ಪ ತಲೆ ತಗ್ಗಿಸಿ ಅದನ್ನು ನೋಡಿದ. ಎಡಗಾಲು ಮೆಲ್ಲಗೆ ಮುಂದೆ ಜರುಗಿತು. ಹೆಬ್ಬೆರಳು ತಡಕಾಡಿ, ಜಾರಿ, ಮತ್ತೆ ತಡಕಾಡಿ, ಎಲೆಗಳನ್ನು ಪಕ್ಕಕ್ಕೆ ಸರಿಸಿತು. ನೀರು ಬೇವಿನ ಬುಡದತ್ತ ಹೊರಟಿತು. ಅದು ತಲುಪುವವರೆಗೂ ನೋಡುತ್ತಿದ್ದು, ಅವನು ಎಡಗೈ ಎತ್ತಿ ಹಂಡೆಯನ್ನು ತೋರಿಸಿದ.

ಗೌರಕ್ಕ ಇನ್ನೊಂದು ಚೊಂಬು ತುಂಬಿಕೊಂಡಳು.