ಹುರುಮಂಜಿನ ಗೋಡೆ

ಜಮಖಂಡಿಯ ಕಾಶಪ್ಪ ಗೌಂಡಿಗೆ, ತಾನು ಕಟ್ಟಿದ ಗೋಡೆಗೆ ಯಾರಾದರೂ ಮೊಳೆ ಹೊಡೆದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಒಮ್ಮೆ ಕೋರ್ಟಿನ ಹಿಂದೆ ವಕೀಲರೊಬ್ಬರಿಗೆ ಮನೆ ಕಟ್ಟಿಕೊಟ್ಟು, ಅವರ ಗೃಹಪ್ರವೇಶದ ಊಟಕ್ಕೆ ಹೋಗಿದ್ದ. ಎಲೆ ಹಾಕಿ ಹೋಳಿಗೆ ಬಡಿಸಿದ್ದರು. ತಲೆ ಎತ್ತಿದರೆ ಎದುರು ಗೋಡೆಯ ನಟ್ಟನಡುವೆ ಒಂದು ಕ್ಯಾಲೆಂಡರು. ಅದರ ಮೊಳೆಯ ಸುತ್ತ ಅಂಗೈಯಗಲ ಗಿಲಾವು ಉದುರಿ ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಹೋಳಿಗೆಯ ಮೇಲಿನ ತುಪ್ಪ ಆರುವ ಮೊದಲೇ ಕಾಶಪ್ಪ ಎದ್ದು ಬಂದುಬಿಟ್ಟ.

ಅವನಿಗೆ ಆಗ ನಲವತ್ತಾರು. ಹೆಂಡತಿ ಮೊದಲ ಹೆರಿಗೆಯಲ್ಲೇ ಕೂಸಿನ ಸಮೇತ ಹೋಗಿ ಹನ್ನೆರಡು ವರ್ಷವಾಗಿತ್ತು. ತಂಗಿಯ ಮನೆಯಲ್ಲಿ ಊಟ, ಅಲ್ಲೇ ಹೊರಗಿನ ಕಟ್ಟೆಯ ಮೇಲೆ ಹಾಸಿಗೆ. ಗೋಡೆಗಳನ್ನು ಬಿಟ್ಟರೆ ಅವನು ಮನಸ್ಸಿಗೆ ಹಚ್ಚಿಕೊಂಡದ್ದು ಬೇರೆ ಏನೂ ಇರಲಿಲ್ಲ.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಅವನಿಗೆ ಬೀಳಗಿ ಕಡೆ ಕೆಲಸ ಸಿಕ್ಕಿತು. ಆಲಮಟ್ಟಿಯ ಹಿನ್ನೀರು ಏರುತ್ತದೆಂದು ಹೊಳೆಸಾಲಿನ ಊರುಗಳು ದಿಬ್ಬ ಹತ್ತುತ್ತಿದ್ದವು. ಅನಗವಾಡಿಯಿಂದ ಎರಡು ಹರದಾರಿ ಆಚೆ, ಗಿಡ ನೆರಳು ಇಲ್ಲದ ಬಯಲಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದ್ದರು. ಜನ ಕೆಳಗಿನ ಊರಿನಿಂದ ತೊಲೆ, ಜಂತಿ, ಬಾಗಿಲು ಕಿತ್ತು ತಂದು ಮೇಲೆ ಮನೆ ಕಟ್ಟಿಸುತ್ತಿದ್ದರು. ಕಾಶಪ್ಪ ಹಿಡಿದದ್ದು ಗುರುಬಸವ್ವ ಎಂಬ ಮುದುಕಿಯ ಮನೆ. ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಮಾತ್ರ ತಿಳಿಯುತ್ತಿತ್ತು. ಅವಳ ಜೊತೆಗಿದ್ದವಳು ಸೊಸೆ ಭಾಗವ್ವ. ಮಗ ಜ್ವರದಲ್ಲಿ ತೀರಿಕೊಂಡು ಹತ್ತು ವರ್ಷವಾದರೂ ಸೊಸೆ ತವರಿಗೆ ಹೋಗಿರಲಿಲ್ಲ. ಹೋಗೆಂದು ಅತ್ತೆಯೂ ಅಂದಿರಲಿಲ್ಲ.

ಪಡಸಾಲೆಯ ಗೋಡೆಗೆ ಸಿಮೆಂಟಿನ ಗಿಲಾವು ಮುಗಿದ ಮಾರನೆಯ ದಿನ ಭಾಗವ್ವ ಬಂದು ನಿಂತಳು. ಕೈಯಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ಕಲಸಿದ ಹುರುಮಂಜಿನ ಕೆಮ್ಮಣ್ಣು. ಕಾಶಪ್ಪ ನೋಡನೋಡುತ್ತಿದ್ದಂತೆ ಆ ಕೆಂಪಿನಲ್ಲಿ ಬೆರಳದ್ದಿ ಹೊಸ ಗೋಡೆಯ ಮೇಲೆ ಒಂದು ಗೆರೆ ಎಳೆದಳು.

“ಏನ್ ಮಾಡಾಕತ್ತೀರಿ ನೀವು!” ಕಾಶಪ್ಪ ಹಾರಿಬಿದ್ದ.

“ನಿಮ್ಮ ಗ್ವಾಡಿ ಬಣ್ಣ ಕುಡೀತೈತೋ ಇಲ್ಲೋ ನೋಡಾಕತ್ತೇನ್ರಿ.” ಬಣ್ಣ ಆರಲು ಬಿಟ್ಟು, ಆಮೇಲೆ ಸೆರಗಿನಿಂದ ಒರೆಸಿದಳು. ಗೆರೆ ಪುಡಿಯಾಗಿ ಸೆರಗಿಗೆ ಬಂತು. “ನೋಡ್ರಿ, ಒರಸಿದ್ರ ಹೋತು. ಇದರ ಮ್ಯಾಗ ಏನೂ ನಿಲ್ಲೂದಿಲ್ಲ.”

“ಗ್ವಾಡಿ ಇರೂದು ಮಾಳಿಗಿ ಹೊರಾಕ. ಚಿತ್ರ ಹೊರಾಕಲ್ಲ.”

“ಮಾಳಿಗಿ ಹೊರಾಕ ಕಂಬಾನೂ ಸಾಕಲ್ರಿ,” ಎಂದಳು ಭಾಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. “ಸುತ್ತ ಗ್ವಾಡಿ ಕಟ್ಟಿ ಒಳಗ ಮಂದೀನ ಕುಂದರಸ್ತೀರಿ. ಕುಂತಾವರು ಏನ ನೋಡಬೇಕು?”

ಕಾಶಪ್ಪ ತಿರುಗಿ ತನ್ನ ಕೆಲಸಕ್ಕೆ ಹೋದ. ಇಡೀ ದಿನ ಕರಣೆ ಹಿಡಿದ ಕೈ ಓಡಲಿಲ್ಲ.

ಎರಡು ದಿನ ಬಿಟ್ಟು ತಲಬಾಗಿಲು ಬಿಚ್ಚಿ ತರಲು ಅವನು ಕೆಳಗಿನ ಊರಿಗೆ ಇಳಿದ. ಅರ್ಧ ಊರು ಆಗಲೇ ಮಾಳಿಗೆ ಕಳಚಿ ಬಯಲಾಗಿತ್ತು. ಗುರುಬಸವ್ವನ ಮನೆಯ ಪಡಸಾಲೆಗೆ ಕಾಲಿಟ್ಟವನು ಅಲ್ಲೇ ನಿಂತ. ಮಣ್ಣಿನ ಗೋಡೆಯ ಉದ್ದಕ್ಕೂ ಬಿಳಿ ಸುಣ್ಣದ ಮೇಲೆ ಕೆಂಪು ಚಿತ್ರ. ಸಾಲು ಹಿಡಿದ ನವಿಲು, ಹೊಳೆ, ಹರಗೋಲು, ಹುಟ್ಟು ಹಾಕುವ ಅಂಬಿಗ, ದಂಡೆಯ ಮೇಲೊಂದು ಎತ್ತು. ಮೊದಲು ಅವನ ಗೌಂಡಿ ಕಣ್ಣಿಗೆ ಬಿದ್ದದ್ದು ಗೋಡೆಯ ತಪ್ಪು. ನಡುವೆ ಅದು ಗೇಣುದ್ದ ಉಬ್ಬಿತ್ತು. ಇಂಥ ಗೋಡೆ ಕಟ್ಟಿದವನ ಕೈ ಮುರಿಯಬೇಕು ಎಂದುಕೊಳ್ಳುವಷ್ಟರಲ್ಲಿ ಗೊತ್ತಾಯಿತು, ಆ ಉಬ್ಬೇ ಎತ್ತಿನ ಹೆಗಲ ಮೇಲಿನ ಇಣಿಯಾಗಿತ್ತು. ಬೆಳಕಿಂಡಿಯಿಂದ ಬಿಸಿಲು ಓರೆಯಾಗಿ ಬಿದ್ದು, ಈಗ ಎದ್ದು ನಿಲ್ಲುವುದೇನೋ ಎಂಬಂತೆ ಎತ್ತಿನ ಭುಜ ಮುಂದೆ ಬಂದಿತ್ತು. ಮೂಲೆಯಲ್ಲಿ ಮಾಳಿಗೆಯಿಂದ ನೆಲದವರೆಗೆ ಗೋಡೆ ಬಿರಿದಿತ್ತು. ಆ ಬಿರುಕಿಗೆ ಎಲೆ ಬರೆದು ಬಳ್ಳಿ ಮಾಡಿದ್ದರು.

ಕಾಶಪ್ಪ ನಕ್ಕುಬಿಟ್ಟ. ಎಷ್ಟೋ ವರ್ಷದ ಮೇಲೆ ತನ್ನ ನಗೆ ತನಗೇ ಕೇಳಿಸಿತು.

“ಯಾಕ್ರೀ, ಛಲೋ ಇಲ್ಲೇನು?” ಎಂದಳು ಹಿಂದೆ ನಿಂತಿದ್ದ ಭಾಗವ್ವ.

“ಈ ಉಬ್ಬ ನಾನು ನೋಡಿದ್ರ ಕೆಡವತಿದ್ದೆ.”

“ಅತ್ತಿ ಬಿಡಲಿಲ್ರಿ. ವರ್ಷಾ ಶ್ರಾವಣದಾಗ ಸುಣ್ಣಾ ಬಳದು, ಅದರ ಮ್ಯಾಗ ಹೊಸಾ ಚಿತ್ರಾ ತಗೀತೇವಿ. ನಮ್ಮ ಮನಿಯವರು ತೀರಿಕೊಂಡ ವರ್ಷ ನಾ ಗ್ವಾಡಿಗಿ ಬೆನ್ನ ಹಚ್ಚಿ ಕುಂತಾಕಿ ಏಳಲೇ ಇಲ್ಲ. ಅತ್ತಿ ಬಂದು ಕೈಯಾಗ ಕುಂಚ ಕೊಟ್ರು. ಏಳ ಭಾಗಿ, ಬಿಳೇ ಗ್ವಾಡಿ ನೋಡ್ಕೋತ ಕುಂದರಬ್ಯಾಡ, ಎತ್ತ ನೀನ ತಗಿ ಅಂದ್ರು. ಆವತ್ತಿಂದ ಎತ್ತ ನಂದು.”

ಬಾಗಿಲು ಬಿಚ್ಚುವುದನ್ನು ಬಿಟ್ಟು ಕಾಶಪ್ಪ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ತೊಲೆ ಬರುತ್ತದೆ, ಬಾಗಿಲು ಬರುತ್ತದೆ, ಕಲ್ಲೂ ಬರುತ್ತದೆ. ಇದು ಮಾತ್ರ ಇಲ್ಲೇ ನೀರು ಕುಡಿದು ಕರಗಬೇಕು. ಕೊನೆಗೆ ಅಂದ: “ಎತ್ತ ನಾನು ಮ್ಯಾಲ ತಂದ ಕೊಡ್ತೇನಿ.”

ಎರಡು ದಿನ ಅವನು ಅದೇ ಕೆಲಸ ಮಾಡಿದ. ಚಿತ್ರಕ್ಕೆ ಭಾಗವ್ವನ ಕೌದಿ ಒತ್ತಿ, ಅದರ ಮೇಲೆ ಹಲಗೆ ಕಟ್ಟಿ, ಹಿಂದಿನ ಮಣ್ಣನ್ನು ಉಕ್ಕಿನ ತಂತಿಯಿಂದ ಎಳೆದೆಳೆದು ಕೊಯ್ದ. ಬಾಗಿಲಗಲದ ತುಂಡು ಬಿಡಿಸಿಕೊಂಡು ಬಂತು. ನಾಲ್ಕು ಜನ ಹೊತ್ತು, ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಮಲಗಿಸಿದರು. ದಾರಿಯುದ್ದಕ್ಕೂ ಕಾಶಪ್ಪ ಅದರ ಪಕ್ಕ ಕುಳಿತು ಕೈ ಇಟ್ಟುಕೊಂಡೇ ಬಂದ. ತಗ್ಗು ದಿನ್ನೆಗಳಲ್ಲಿ ಏನೂ ಆಗಲಿಲ್ಲ. ಹೊಸ ಮನೆಯ ಮುಂದೆ ಇಳಿಸುವಾಗ ಒಂದು ಕಡೆಯ ಹಗ್ಗ ಜಾರಿತು. ಹಲಗೆ ವಾಲಿತು, ಎತ್ತು ನೂರು ಹೆಂಟೆಯಾಗಿ ಅಂಗಳದಲ್ಲಿ ಬಿತ್ತು.

ಕಾಶಪ್ಪ ಮೊಣಕಾಲೂರಿ ಹೆಂಟೆಗಳನ್ನು ಒಂದಕ್ಕೊಂದು ಹೊಂದಿಸಲು ನೋಡಿದ. ಆಗದ ಕೆಲಸವೆಂದು ಗೊತ್ತಿದ್ದರೂ ಕೈ ಸುಮ್ಮನಿರಲಿಲ್ಲ. ಹಾಗೆ ಒಂದು ಹೆಂಟೆ ತಿರುಗಿಸಿದಾಗ ಅದರ ಮುರಿದ ಅಂಚು ಕಂಡಿತು. ಬಿಳಿ, ಕೆಂಪು, ಬಿಳಿ, ಕೆಂಪು, ಕೂದಲೆಳೆಯಂಥ ಗೆರೆಗಳು, ಒಂದರ ಮೇಲೊಂದು ಹೆಬ್ಬೆರಳಿನಷ್ಟು ದಪ್ಪ. ಉಗುರು ಇಟ್ಟು ಎಣಿಸಿದ. ಅರವತ್ತು ದಾಟಿದ ಮೇಲೆ ಕಣ್ಣು ಮಂಜಾಯಿತು.

“ಯವ್ವಾ, ಇದರಾಗ ಅರವತ್ತ ಶ್ರಾವಣ ಅದಾವು,” ಎಂದು ಆ ಹೆಂಟೆಯನ್ನು ಗುರುಬಸವ್ವನ ಕೈಗೆ ಕೊಟ್ಟ. “ನಾ ಬರೇ ಮ್ಯಾಲಿನ ಚಿತ್ರ ನೋಡಿದ್ದೆ. ನೀವು ಗ್ವಾಡೀನ ಕಟ್ಟೀರಿ.”

ಮುದುಕಿ ಅಂಚಿನ ಮೇಲೆ ಬೆರಳಾಡಿಸಿದಳು. “ಅಡ್ಯಾಗಿಂದು ನಮ್ಮತ್ತೀದು. ನಡಬರಕಿಂದು ನಂದು. ಮ್ಯಾಲಿಂದು ಭಾಗೀದು.” ಹೆಂಟೆಯನ್ನು ಅವನ ಕೈಗೇ ತಿರುಗಿ ಕೊಟ್ಟು ಅಂದಳು: “ಅಳೂದ್ಯಾಕೋ ತಮ್ಮಾ? ಮಣ್ಣ ಐತಿ. ನೀರ ಹಾಕಿದ್ರ ಮತ್ತ ಕೆಸರಾಗತೈತಿ. ಬಳಿ ಗ್ವಾಡಿಗಿ.”

“ಸಿಮಿಟಿನ ಮ್ಯಾಗ ಮಣ್ಣ ಹಿಡ್ಯೂದಿಲ್ಲ ಯವ್ವಾ.”

“ಸಿಮಿಟ ಹಚ್ಚಿದಾವ ಯಾರು?”

ಮರುದಿನ ಬೆಳಿಗ್ಗೆ ಕಾಶಪ್ಪ ಉಳಿ ಸುತ್ತಿಗೆ ತೆಗೆದುಕೊಂಡು ತನ್ನ ಗೋಡೆಯ ಮುಂದೆ ನಿಂತ. ಕನ್ನಡಿಯಂಥ ಗಿಲಾವು. ಮೊದಲ ಏಟು ಹಾಕುವಾಗ ಕಣ್ಣು ಮುಚ್ಚಿದ, ಆಮೇಲೆ ಮುಚ್ಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಪಡಸಾಲೆಯ ಗೋಡೆ ಕಲ್ಲಿನವರೆಗೆ ಬತ್ತಲಾಯಿತು. ಬಾಗಿಲಲ್ಲಿ ನಿಂತು ಭಾಗವ್ವ ಎಲ್ಲವನ್ನೂ ನೋಡಿದಳು. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.

ಸಿಮೆಂಟು ಬರುವ ಮೊದಲು ಅಪ್ಪ ಮಾಡುತ್ತಿದ್ದ ಕೆಲಸವನ್ನು ಕಾಶಪ್ಪ ನೆನಪಿನಿಂದ ಒಂದೊಂದಾಗಿ ಎಳೆದು ತೆಗೆದ. ಒಡೆದ ಎತ್ತಿನ ಮಣ್ಣಿಗೆ ಕೆಳಗಿನ ಊರಿನ ಗೋಡೆಯ ಇನ್ನಷ್ಟು ಮಣ್ಣು ಸೇರಿಸಿ, ಸುಣ್ಣ, ಹೊಟ್ಟು, ಬೆಲ್ಲದ ನೀರು ಹಾಕಿ ಎಂಟು ದಿನ ಕೊಳೆಹಾಕಿದ. ದಿನಾ ತುಳಿಯುವ ಕೆಲಸ ಅವನದೂ ಭಾಗವ್ವನದೂ. ಕೊನೆಗೆ ಕರಣೆ ಬಿಟ್ಟು ಅಂಗೈಯಿಂದಲೇ ಬಳಿದರು. ಅವನು ಮೇಲಿನಿಂದ, ಅವಳು ಕೆಳಗಿನಿಂದ.

ಬಳಿಯುವ ಮೊದಲು ಅವನು ಒಂದು ಮಾತು ಕೇಳಿದ್ದ. ಯಾವ ಮನೆಯವರನ್ನೂ ಅವನು ಈವರೆಗೆ ಕೇಳಿರದ ಮಾತು ಅದು.

“ಕಿಡಕಿ ಎಲ್ಲಿ ಇಡ್ಲಿ?”

ಭಾಗವ್ವ ಪಡಸಾಲೆಯ ನಡುವೆ ನಿಂತು ಹೊರಗೆ ಬಿಸಿಲು ನೋಡಿದಳು, ಒಳಗೆ ಗೋಡೆ ನೋಡಿದಳು. “ಮೂಡಲಕ್ಕ, ಎತ್ತರದಾಗ, ಸಣ್ಣದ ಸಾಕು. ಬೆಳಕು ಗ್ವಾಡಿ ಸವರಿಕೊಂಡ ಹೋಗಬೇಕು, ಹೊಡೀಬಾರದು.” ಅವಳು ಹೇಳಿದ ಕಡೆಗೇ ಅವನು ಕಲ್ಲು ಬಿಡಿಸಿ ಕಿಟಕಿ ಇಟ್ಟ.

ಶ್ರಾವಣ ಬಂತು. ಸುಣ್ಣ ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಭಾಗವ್ವ ಮೊದಲ ಗೆರೆ ಎಳೆದಾಗ ಗೋಡೆ ಅದನ್ನು ಸದ್ದಿಲ್ಲದೆ ಹೀರಿಕೊಂಡಿತು. ಈ ಸಲ ಅವಳು ಎತ್ತು ಬರೆಯಲಿಲ್ಲ. ದಿಬ್ಬ ಹತ್ತುವ ಗಾಡಿಗಳನ್ನು ಬರೆದಳು. ಗಾಡಿಯ ತುಂಬ ತೊಲೆ, ಬಾಗಿಲು, ಕೋಳಿ, ತೊಟ್ಟಿಲು, ಮುದುಕಿಯರು. ಕಾಶಪ್ಪ ಏಣಿ ಹಿಡಿದು ನಿಂತಿರುತ್ತಿದ್ದ. ಏಣಿ ಹಿಡಿಯುವ ಅವಶ್ಯಕತೆ ಇಲ್ಲದಷ್ಟು ಕೆಳಗೆ ಅವಳು ಬರೆಯುವಾಗಲೂ ಹಿಡಿದಿರುತ್ತಿದ್ದ.

ಒಂದು ಸಂಜೆ ಗುರುಬಸವ್ವ ಕಟ್ಟೆಯ ಮೇಲಿಂದಲೇ ಕೂಗಿದಳು. “ಗೌಂಡೀ, ನಿನ್ನ ಕೆಲಸ ಮುಗದು ಹದಿನೈದ ದಿನಾ ಆತು. ಜಮಖಂಡಿಯಿಂದ ಬಸ್ಸ ಹತ್ತಿ ದಿನಾ ಯಾಕ ಬರ್ತಿ?”

“ಗ್ವಾಡಿ ಆರೇತಿಲ್ಲೊ ನೋಡಾಕ ಯವ್ವಾ.”

“ಗ್ವಾಡಿ ಆರೇತಿ. ನೀನ ಇನ್ನೂ ಹಸಿ ಅದೀ.”

ಕಾಶಪ್ಪ ತಲೆ ತಗ್ಗಿಸಿದ. ಒಳಗೆ ಕುಂಚದ ಸಪ್ಪಳ ನಿಂತಿತು.

“ಕಣ್ಣ ಹೋಗ್ಯಾವು, ಕಿವಿ ಹೋಗಿಲ್ಲ,” ಎಂದಳು ಮುದುಕಿ. “ಹತ್ತ ವರ್ಷ ಆಕಿ ನನಗ ಮಗಳಾಗ್ಯಾಳ. ಮಗಳನ್ನ ಉಡಿಕಿ ಮಾಡಿ ಕೊಡೂ ಹಕ್ಕ ನನಗೈತಿ. ಮಂದಿ ಬಾಯಿ ನಾ ನೋಡಕೋತೇನಿ. ಆದ್ರ ಮನಸ ಆಕೀದು. ಹೋಗ, ಆಕಿನ್ನ ಕೇಳ.”

ಅವನು ಹೋಗಿ ಹೊಸ್ತಿಲಲ್ಲಿ ನಿಂತ. ಭಾಗವ್ವನೇ ಗೋಡೆಯ ಕಡೆ ಮುಖ ಮಾಡಿಕೊಂಡು ಅಂದಳು: “ಅತ್ತಿನ್ನ ಬಿಟ್ಟು ನಾ ಎಲ್ಲೂ ಬರಾಕಿ ಅಲ್ರಿ.”

“ನಾನ ಇಲ್ಲಿ ಬರ್ತೇನಿ. ಹಾಸಿಗಿ ಒಂದ ಐತಿ ನಂದು, ಮತ್ತ ಕರಣಿ.”

“ನಾ ವರ್ಷಾ ಗ್ವಾಡಿಗಿ ಕೈ ಹಚ್ಚತೇನಿ. ನಿಮ್ಮ ಮೈಗಿ ಆಗಿ ಬರಬೇಕಲ್ಲ?”

“ಬರತೈತಿ,” ಎಂದ ಕಾಶಪ್ಪ. ಆಗ ಅವಳು ತಿರುಗಿದಳು. ಮೂಗಿನ ಮೇಲೆ ಹುರುಮಂಜು ಹತ್ತಿತ್ತು. ಕಣ್ಣಲ್ಲಿ ನೀರು, ಬಾಯಲ್ಲಿ ನಗೆ.

ದೀಪಾವಳಿ ಕಳೆದು ಉಡಿಕೆಯ ಮರುಮದುವೆ ಆಯಿತು. ಹತ್ತು ಜನರಿಗೆ ಊಟ. ಗುರುಬಸವ್ವ ತನ್ನ ಹಸಿರು ಇಳಕಲ್ಲು ಸೀರೆಯನ್ನು ಸೊಸೆಗೆ ಉಡಿಸಿದಳು. ಒಂದಿಬ್ಬರು ನೆಂಟರು ಬರಲಿಲ್ಲ, ಆ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ಮಳೆಗಾಲದ ಕೊನೆಗೆ ನೀರು ಏರಿ ಕೆಳಗಿನ ಊರು ಕಾಣದಾಯಿತು. ಮುದುಕಿ ಆಮೇಲೆ ನಾಲ್ಕು ವರ್ಷ ಬದುಕಿ, ಮಗಳು ಅಳಿಯನ ಕೈಯಲ್ಲಿ ಗಂಗಾಜಲ ಕುಡಿದು ಹೋದಳು.

ಅಷ್ಟರಲ್ಲಿ ಸುತ್ತಿನ ಊರುಗಳಲ್ಲಿ ಆ ಗೋಡೆಯ ಮಾತು ಹಬ್ಬಿತ್ತು. ಎರಡು ಸಾವಿರದ ಆರರಲ್ಲಿ ಬನಹಟ್ಟಿಯಲ್ಲಿ ಮಗ್ಗದ ವ್ಯಾಪಾರ ಮಾಡುವ ಗಿರಮಲ್ಲಪ್ಪ ಹೊಸ ಮನೆಗೆಂದು ಕಾಶಪ್ಪನನ್ನು ಕರೆಸಿದ. ಖಾಲಿ ಜಾಗ ನೋಡಿ ಕಾಶಪ್ಪ ಅಂದ: “ಪಾಯಾ ತಗ್ಯೂಕಿಂತ ಮೊದಲ ನಮ್ಮ ಮನಿಯಾಕಿ ಬಂದ ನೋಡಬೇಕ್ರಿ.”

“ಚಿತ್ರಾ ತಗ್ಯಾಕ ಇನ್ನೂ ವರ್ಷ ಐತಲ್ಲೋ ಗೌಂಡಿ?” ಗಿರಮಲ್ಲಪ್ಪ ನಕ್ಕ.

“ಚಿತ್ರಾ ಎಲ್ಲಿ ಬರತೈತಿ ಗೊತ್ತಾಗದ ನಾ ಗ್ವಾಡಿ ಎಲ್ಲಿ ಏಳಸ್ಲಿ?”

ಮರುದಿನ ಭಾಗವ್ವ ಬಂದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಬಯಲಲ್ಲಿ ಅಡ್ಡಾಡಿದಳು. ಬಿಸಿಲು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡಿದಳು. ಗಿರಮಲ್ಲಪ್ಪನ ತಾಯಿ ಎಲ್ಲಿ ಕುಳಿತು ಪೂಜೆ ಮಾಡುತ್ತಾಳೆಂದು ಕೇಳಿದಳು. ಆಮೇಲೆ ಕಾಶಪ್ಪ ಹಗ್ಗ ಹಿಡಿದ. ಅವಳು ಮುಷ್ಟಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ರಂಗೋಲಿ ಹಾಕುವಂತೆ ಬೆರಳ ಸಂದಿನಿಂದ ಸುರಿಯುತ್ತ ಕೆಂಪು ನೆಲದ ಮೇಲೆ ಮನೆಯನ್ನು ಬರೆದಳು. ಪಡಸಾಲೆ, ದೇವರ ಜಗುಲಿ, ನೀರಮನೆ, ಒಂದೊಂದಾಗಿ ಬಿಳಿ ಗೆರೆಯಲ್ಲಿ ಮೂಡಿದವು.

ಊಟದ ಹೊತ್ತಾಗಿತ್ತು. ಕಾಶಪ್ಪ ಬುತ್ತಿಯ ಗಂಟು ಹಿಡಿದುಕೊಂಡು ನೆರಳು ಹುಡುಕುತ್ತ ಹೊರಟ.

“ಎಲ್ಲಿ ಹೊಂಟ್ರಿ?” ಭಾಗವ್ವ ಕರೆದಳು. ಗೆರೆ ತುಳಿಯದಂತೆ ಬಾಗಿಲಿಗೆಂದು ಬಿಟ್ಟ ಸಂದಿನಿಂದಲೇ ಒಳಗೆ ಬಂದು, ಸೀರೆ ಸರಿಮಾಡಿಕೊಂಡು ಕುಳಿತಳು. “ಇಲ್ಲಿ ಬರ್ರಿ. ಇದ ಅಡಗಿ ಮನಿ.”

ಕಾಶಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಇಬ್ಬರೂ ಎದುರುಬದುರು ಕುಳಿತು ರೊಟ್ಟಿ ಬಿಚ್ಚಿದರು.